ಪೂರ್ತಿ ವಾಕ್ಯದಲ್ಲಿ ಹೇಳು

…ಅಲ್ಲ ಅಲ್ಲ, ಅದು ಆಮೇಲೆ! ಅದನ್ನ ಕೊನೆಗೆ ಕುಡಿಯೋದು. ಮೊದಲು ಇದು. ಇಲ್ಲಿ, ನನ್ನ ಬೆರಳು ನೋಡು ತಾಸ್ಯಾ. ಏನಿದು? ಬ್ಲಿ… ಬ್ಲಿ… ಬ್ಲಿನಿ! ಅಂಚು ಗರಿಗರಿ, ನಡುವೆ ಜರಡಿ ಹಾಗೆ ತೂತು ತೂತು. ಕಾವಲಿ ಮೇಲೆ ಹಿಟ್ಟು ನಾನೇ ಹುಯ್ದಿದ್ದು! ಯಾಕೆ ನಗ್ತೀಯಾ? ಏಪ್ರನ್ ನೋಡಿಯಾ? ಹೌದು, ನಿನ್ನದೇ, ಹೂವಿನದು. ಜನ್ಮವೆಲ್ಲಾ ಸೇತುವೆ ಕಟ್ಟಿದ ಇಂಜಿನಿಯರ್ ಮುದುಕನಾದ ಮೇಲೆ ಹೂವಿನ ಏಪ್ರನ್ ಕಟ್ಟಿಕೊಂಡು ಒಲೆ ಮುಂದೆ ಕುಣೀತಿದ್ದಾನೆ… ನಗು, ನಗು. ನೀನು ನಕ್ಕರೆ ನನಗೆ ಅಷ್ಟೇ ಸಾಕು.

ಈಗ ಹೇಳು. ಒಂದೇ ಒಂದು ಪದ. ಡಾಕ್ಟರಮ್ಮ ಏನಂದಿದ್ದು? 'ರೋದಿಯೋನ್ ಸಾವಿಚ್, ತಿನ್ನೋ ಪದಾರ್ಥಗಳಿಂದ ಶುರು ಮಾಡಿ. ನಾಲಿಗೆಗೆ ರುಚಿ ನೆನಪಾದರೆ ಮಾತೂ ನೆನಪಾಗುತ್ತೆ.' ಮತ್ತೆ ಇನ್ನೊಂದು ಮಾತು ಹೇಳಿದರು, ನಿನಗೆ ಆಘಾತ ಆಗೋ… ಅದಿರಲಿ. ಅದು ನನಗೆ ಹೇಳಿದ್ದು.

ಎಂಥ ತಮಾಷೆ ನೋಡು! ಇದೇ ಅಡುಗೆಮನೆ, ಇದೇ ಮೇಜು. ಹನೋಯ್‌ನವರು, ಹವಾನಾದವರು, ಕಂಪಾಲಾದವರು, ಅರ್ಧ ಪ್ರಪಂಚಕ್ಕೆ ನೀನು ಇಲ್ಲಿ ರಷ್ಯನ್ ಕಲಿಸಿದೆ. ಪುಸ್ತಕ ಮುಚ್ಚಿಸಿ, ಎಲೆಕೋಸಿನ ಸಾರು ಮುಂದಿಟ್ಟು. ಪಾಪ ಆ ಮಕ್ಕಳು ಹಸಿದುಕೊಂಡು 'ಸಾರು, ಸಾರು' ಅಂತಿದ್ದರೆ ನೀನು ಬಟ್ಟಲು ಹಿಂದಕ್ಕೆ ಎಳ್ಕೊಂಡು, ಬೆರಳಲ್ಲಿ ಮೇಜು ಕುಟ್ತಿದ್ದೆ, ಟಕ್ ಟಕ್. 'ಪೂರ್ತಿ ವಾಕ್ಯದಲ್ಲಿ ಹೇಳು!' ಪೂರ್ತಿ ವಾಕ್ಯ ಹೇಳದವನಿಗೆ ಸಾರಿಲ್ಲ. ರಾಕ್ಷಸಿ! ಈಗ ಒಂದು ಪಾರ್ಶ್ವವಾಯು ಬಂದು ನಿನ್ನ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಂಡು ಹೋಯ್ತು. ಹೋಗಲಿ, ಬಿಡು! ನನಗೆ ಪೂರ್ತಿ ವಾಕ್ಯ ಬೇಡವೇ ಬೇಡ ಟೀಚರಮ್ಮ. ಬರೀ 'ಬ್ಲಿ' ಅಂದರೂ ಎಲ್ಲಾ ತಟ್ಟೆ ನಿನ್ನದೇ.

ಏನು? ಕಿಟಕಿ? ಓ, ಅದಾ… ಮೊದಲನೇ ಬ್ಲಿನಿ ಅದು. ಮುದ್ದೆಯಾಯ್ತು, ಮೊದಲನೇದು ಯಾರ ಮನೇಲಿ ಸರಿ ಬರುತ್ತೆ ಹೇಳು. ಕಿಟಕಿ ಹತ್ತಿರ ಇಟ್ಟೆ. ಗುಬ್ಬಿಗೆ. ಗುಬ್ಬಿಗೇ ಕಣೇ! ಇನ್ಯಾರಿಗೆ ಇಡ್ತಾರೆ?

ಇದನ್ನ ತಿನ್ನು ನೀನು, ಬಾಯಿ ತೆಗಿ. ಗೋಧಿ ಬೇಯಿಸಿ ಜೇನು, ಗಸಗಸೆ, ದ್ರಾಕ್ಷಿ ಹಾಕಿದ್ದೀನಿ. ಕು… ಕುತ್ಯಾ. ಸಿಹಿ ಸಾಕಾ? ಹಾಗೆ ನೋಡಬೇಡ. ಕುತ್ಯಾ ಅಂದ ತಕ್ಷಣ ಅದೇ ಯಾಕೆ ನೆನಪಾಗಬೇಕು? ಕ್ರಿಸ್‌ಮಸ್ ಹಿಂದಿನ ದಿನ ಮಾಡಲ್ವಾ ನಾವು? ಬ್ಲಿನಿ ಚಳಿಗಾಲ ಕಳೆಯೋ ಹಬ್ಬಕ್ಕೆ ಮಾಡಲ್ವಾ? ಎಲ್ಲಾ ಹಬ್ಬದ ಅಡುಗೆಗಳೇ. ಹೌದು… ಹೌದು, ಹೊರಗೆ ಪಾಪ್ಲರ್ ಮರದ ಹತ್ತಿ ಹಾರ್ತಿದೆ. ಜೂನ್ ತಿಂಗಳು. ನನಗೇನು ಕಣ್ಣಿಲ್ವಾ? ಹಬ್ಬದ ಅಡುಗೆ ಬೇಸಿಗೇಲಿ ತಿಂದರೆ ಪೊಲೀಸರು ಹಿಡ್ಕೊಂಡು ಹೋಗ್ತಾರಾ?

ಈಗ ಕ್ವಾಸ್. ಕ್ವಾಸ್! ಇದನ್ನಂತೂ ನೀನು ಹೇಳೇ ಹೇಳ್ತೀಯ. ರೈ ರೊಟ್ಟಿ ಒಣಗಿಸಿ, ಕಪ್ಪಾಗೋ ಹಾಗೆ ಹುರಿದು, ಹುಳಿ ಬರಿಸಿ… ಒಂದು ಗುಟುಕು ಕುಡಿ. ಹಾಂ… ಏನಾಯ್ತು? ಯಾಕೆ ಕೆಳಗಿಟ್ಟೆ? ಚಪ್ಪೆಯಾ?

ಹೌದಪ್ಪಾ, ಗೊತ್ತು. ರಿಮ್ಮಾಳ ಕೈಯ ಕ್ವಾಸ್ ಅಲ್ಲ. ನಿನ್ನ ತಂಗಿಯಷ್ಟು ಒಳ್ಳೆ ಕ್ವಾಸ್ ಈ ವೊರೋನೆಝ್ ಊರಲ್ಲೇ ಯಾರು ಮಾಡ್ತಾರೆ? ಬಾಗಿಲು ಯಾಕೆ ನೋಡ್ತೀಯಾ? ಹೇಳಿದ್ದೆನಲ್ಲ, ಸಮುದ್ರದ ಕಡೆ ಆರೋಗ್ಯಧಾಮಕ್ಕೆ ಹೋಗಿದ್ದಾಳೆ, ಮಂಡಿನೋವಿಗೆ. ಬಿಸಿ ಮಣ್ಣು ಮೆತ್ತುತ್ತಾರಂತೆ. ಇನ್ನೂ ಸ್ವಲ್ಪ ದಿನ… ಫೋನಾ? ಅಲ್ಲಿ ಸಿಗ್ನಲ್ಲೇ ಇಲ್ಲ, ಸುತ್ತ ಗುಡ್ಡ.

ಆ ಜಾಡಿ? ಯಾವ ಜಾಡಿ… ಓ. ಅದು ಅವಳದೇ. ಬಾಯಿಗೆ ಕಟ್ಟಿರೋ ಬಟ್ಟೆನೂ ಅವಳದೇ, ಕೆಂಪು ದಾರದ ಅಂಚಿಂದು. ಕ್ವಾಸ್ ಹೆಪ್ಪು ಕೆಡಬಾರದು ಅಂತ ಹೋಗೋವಾಗ ನನ್ನ ಕೈಗೆ ಕೊಟ್ಟು ಹೋದಳು. ಕೊಟ್ಟಳು ಅಂದರೆ ನಂಬಲ್ವಾ? ಸರಿ, ನಿನಗೇ ಯಾವತ್ತೂ ಕೊಟ್ಟವಳಲ್ಲ. 'ಅಕ್ಕಾ, ನಾನು ಸತ್ತ ಮೇಲೆ ತಗೋ' ಅಂತ ಜಾಡಿ ತಬ್ಬಿಕೊಂಡು ಓಡ್ತಿದ್ದಳು, ಜಿಪುಣಿ… ಅದು… ಜನ ಬದಲಾಗ್ತಾರೆ ತಾಸ್ಯಾ. ವಯಸ್ಸಾದ ಮೇಲೆ ಕೈ ಸಡಿಲ ಆಗುತ್ತೆ.

ಅದು ಬಿಡು! ಒಂದು ನಗೋ ಕಥೆ ನೆನಪು ಮಾಡ್ತೀನಿ. ಕಂಪಾಲಾದ ನಿನ್ನ ಶಿಷ್ಯ, ಆ ಉದ್ದನೆಯ ಹುಡುಗ ಮುಗಿಶಾ! ಕೆಳಗಿನ ಮನೆಯ ಸ್ಟೆಪಾನಿಚ್ ತೀರಿಕೊಂಡಾಗ ತಿಥಿ ಊಟಕ್ಕೆ ಕರ್ಕೊಂಡು ಹೋಗಿದ್ದೆಯಲ್ಲ, 'ಇದೂ ಪಾಠವೇ' ಅಂತ. ಎಲ್ಲರೂ ಕುತ್ಯಾ, ಬ್ಲಿನಿ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರೆ ಇವನು ಎದ್ದು ನಿಂತು ಒಬ್ಬೊಬ್ಬರ ಲೋಟಕ್ಕೂ ಲೋಟ ತಾಗಿಸ್ತಾ, 'ಆರೋಗ್ಯಕ್ಕೆ! ಆರೋಗ್ಯಕ್ಕೆ!' ಸತ್ತವರ ಊಟದಲ್ಲಿ ಲೋಟ ತಾಗಿಸಬಾರದು ಅಂತ ಪಾಪ ಅವನಿಗೇನು ಗೊತ್ತು! ಅಷ್ಟಕ್ಕೇ ನಿಂತನಾ? ಸತ್ತವನ ಪಾಲಿನ ಲೋಟದ ಮೇಲೆ ರೊಟ್ಟಿ ಮುಚ್ಚಿಟ್ಟಿರ್ತಾರಲ್ಲ, ಆ ರೊಟ್ಟಿ ಎತ್ತಿ ಬೆಣ್ಣೆ ಹಚ್ಚಿ ತಿಂದೇ ಬಿಟ್ಟ! ಆ ಹೆಂಗಸು, ಸ್ಟೆಪಾನಿಚ್ ಹೆಂಡತಿ, ಕಣ್ಣೀರಲ್ಲೇ ನಕ್ಕುಬಿಟ್ಟಳು. 'ತಿನ್ನಲಿ ಬಿಡಿ, ನನ್ನ ಗಂಡನೂ ಹಸಿದವರನ್ನ ನೋಡಿ ಸುಮ್ಮನಿದ್ದವನಲ್ಲ.' ನೀನು ಮೆಟ್ಟಿಲು ಹತ್ತಿ ಮುಗಿಯೋವರೆಗೂ ನನ್ನ ತೋಳಿಗೆ ಮುಖ ಒತ್ತಿಕೊಂಡು ನಗು ತಡ್ಕೋತಾ…

ಅಯ್ಯೋ, ಆ ಕಥೆ ಯಾಕೆ ತೆಗೆದೆ ನಾನು. ನನ್ನ ಬಾಯಿಗೆ ಬೀಗ ಇಲ್ಲ.

ಬಾ, ಒಂದು ಗುಟುಕು. ನನಗೆ ವೋಡ್ಕಾ, ನಿನಗೆ ಕ್ವಾಸ್. ಎತ್ತು, ಎಡಗೈಲಿ… ಭೇಷ್! ತಾಗಿಸು. ನನ್ನ ಲೋಟಕ್ಕೆ ತಾಗಿಸು… ಯಾಕೆ ಹಿಂದಕ್ಕೆ ಎಳ್ಕೋತೀಯಾ? ಲೋಟ ಭಾರವಾಯ್ತಾ? ನಾನೇ ತಾಗಿಸ್ತೀನಿ ತಾ. ತಾಸ್ಯಾ, ಎದೆಗೆ ಅವಚಿಕೋಬೇಡ, ಚೆಲ್ಲುತ್ತೆ. ಆರೋಗ್ಯಕ್ಕೆ ಅನ್ನೋಣ… ಬೇಡ್ವಾ? ಸರಿ. ಸರಿ, ಹಾಗೇ ಕುಡಿಯೋಣ.

ಏನು ಬೇಕು? ಕಪಾಟು? ಮೇಲಿಂದಾ… ಪುಟ್ಟ ಲೋಟ. ನೀನು ವೋಡ್ಕಾ ಮುಟ್ಟೋ ಹಾಗಿಲ್ಲ, ಡಾಕ್ಟರಮ್ಮ ನನ್ನ ಕೊಲ್ತಾರೆ. ಆಯ್ತು, ಆಯ್ತು, ಹಾಕ್ದೆ. ಬರೀ ಮೂಸಿ ನೋಡು. ಪೂರ್ತಿಯಾ? ಅಂಚಿನವರೆಗೂ? ಮಾರಾಯ್ತಿ, ಯಾರು ಕುಡೀತಾರೆ ಅಷ್ಟನ್ನ…

ಅಲ್ಲಿ ಯಾಕೆ ತಳ್ತೀಯಾ? ಅಲ್ಲಿ ಯಾರಿದ್ದಾರೆ? ಅದು ರಿಮ್ಮಾ ಕೂರೋ ಸ್ಟೂಲು.

ರೊಟ್ಟಿ ಬೇಕಾ? ತಗೋ, ಬೆಣ್ಣೆ ಹಚ್ಚಿ ಕೊಡ್ತೀನಿ ಇರು. ಬೆಣ್ಣೆ ಬೇಡ್ವಾ… ತಿನ್ನು ಮತ್ತೆ. ಬಾಯಿಗೆ ಇಟ್ಟುಕೋ ತಾಸ್ಯಾ. ಅಲ್ಲಿ ಅಲ್ಲ. ಬೇಡ… ಬೇಡ ಕಣೇ. ಅಲ್ಲಿ ಇಡಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಲೋಟದ ಮೇಲೆ ಇಡಬೇಡ…

ಇಟ್ಟೇಬಿಟ್ಟೆ ನೀನು.

ಅಳ್ತಾ ಇಲ್ವಾ ನೀನು? ಅಳು, ಚಿನ್ನಾ. ಏನಾದರೂ ಮಾಡು. ಹಾಗೆ ಸುಮ್ಮನೆ ನನ್ನನ್ನೇ ನೋಡಬೇಡ. ನಾನೇನು ಮಾಡ್ಲಿ? ಅವಳಿಗೆ ಇವತ್ತು ನಲವತ್ತನೇ ದಿನದ ತಿಥಿ ಊಟ. ಅವಳಿಗೆ ಯಾರಿದ್ದಾರೆ ನಮ್ಮನ್ನ ಬಿಟ್ಟು? ನಿನಗೆ ಗೊತ್ತಾಗಬಾರದು, ಅವಳಿಗೂ ತಪ್ಪಬಾರದು. ಪಾಠ ಅಂತ ಮಾಡಿದರೆ ಎರಡೂ ಆಗುತ್ತೆ ಅಂದ್ಕೊಂಡೆ. ನಾನು ಎಷ್ಟು ಜಾಣ ಅಂದ್ಕೊಂಡೆ…

ಏನು? ಟಕ್ ಟಕ್… ಮೇಜು ಯಾಕೆ ಕುಟ್ತೀಯಾ?

ಹೇಳಬೇಕಾ? ನಾನು? ನಿನಗೆ ಗೊತ್ತಾಯ್ತಲ್ಲ, ಇನ್ನೇನು ಹೇಳೋದು…

ಟಕ್ ಟಕ್.

ರಿಮ್ಮಾ…

ಟಕ್ ಟಕ್. ಆಯ್ತು ಟೀಚರಮ್ಮ. ಆಯ್ತು. ಪೂರ್ತಿ ವಾಕ್ಯದಲ್ಲಿ.

ನಿನ್ನ ತಂಗಿ ರಿಮ್ಮಾ ತೀರಿಕೊಂಡಳು, ತಾಸ್ಯಾ.