ನಾಲಗೆಗೆ ಉಪ್ಪು ಹತ್ತಿದ ಬೆಸುಗೆ

ಸಭೆಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ಯಜಮಾನರೂ ಆದ ಶಿವರಾಜಪ್ಪನವರೇ, ನಿಜಾಮೋದ್ದೀನನ ಹೆಂಡತಿ ಮುನವ್ವರ ಬೇಗಂ ಅವರೇ, ಭಾಲ್ಕಿಯಿಂದ ಬಂದು ಆ ಪರದೆಯ ಆಚೆ ಕುಳಿತಿರುವ ಅವನ ಅತ್ತಿಗೆ ಹಾಜಿರಾಬೀ ಅವರೇ, ಬೀದರಿನ ಓಣಿ ಓಣಿಗಳಿಂದ ಬಂದ ಹಿರಿಯರೇ, ನನ್ನ ಜೊತೆ ಕೆಲಸ ಮಾಡುವ ಅಣ್ಣತಮ್ಮಂದಿರೇ — ಎಲ್ಲರಿಗೂ ಶರಣು, ಎಲ್ಲರಿಗೂ ಸಲಾಂ.

ನಿಜಾಮೋದ್ದೀನನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ, ಕ್ಷಮಿಸಬೇಕು. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ಕುಳಿತು ಕೆಲಸ ಮಾಡಿದವರು ನಾವು. ಇವತ್ತು ಸತ್ತ ಅಂತ 'ಅವರು, ಇವರು' ಅಂದರೆ ಅವನಿಗೇ ನಗು ಬಂದೀತು.

ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ನಮ್ಮದು ಬಿದರಿ ಕೆಲಸ. ಹೂಜಿಯ ಮೇಲೆ ಬಳ್ಳಿ ಕೊರೆದು ಬೆಳ್ಳಿ ಕೂಡಿಸುವುದು ಅವನ ಪಾಲಿನದು. ಕೊನೆಗೆ ಕಪ್ಪು ಹಾಕುವುದು ನನ್ನದು. ಕೋಟೆಯ ಹಳೆಯ ಮಣ್ಣಿಗೆ ನವಸಾಗರದ ಉಪ್ಪು ಕಲಸಿ, ಕಾಯಿಸಿ ಬಳಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆಮೇಲೆ ಕೊಡಗಟ್ಟಲೆ ನೀರಲ್ಲಿ ತೊಳೆಯುತ್ತೇವೆ, ಎಣ್ಣೆ ಒರೆಸುತ್ತೇವೆ. ಎಂಥ ಮಣ್ಣಾದರೂ ನಡೆಯುತ್ತದೆ ಅಂತಿಲ್ಲ. ಚಿಟಿಕೆ ಮಣ್ಣು ನಾಲಗೆಯ ಮೇಲೆ ಇಟ್ಟು ರುಚಿ ನೋಡಿಯೇ ಆರಿಸುವುದು. ಹೀಗಾಗಿ ಲೋಹವನ್ನು ಕಣ್ಣಿನಿಂದಲ್ಲ, ನಾಲಗೆಯಿಂದ ನಂಬುವ ಜನ ನಾವು.

ನಮಗಿಬ್ಬರಿಗೂ ಒಂದು ಹುಚ್ಚು ಇತ್ತು — ರೇಡಿಯೋ ಹುಚ್ಚು. ದೊಡ್ಡ ಯುದ್ಧ ಮುಗಿದ ಮೇಲೆ ಹೈದರಾಬಾದಿನ ಗುಜರಿ ಬಜಾರಿನಲ್ಲಿ ಮಿಲಿಟರಿಯ ಒಡೆದ ಸೆಟ್ಟುಗಳು ರಾಶಿ ಬಿದ್ದಿದ್ದವು. ಅವನು ಹೋಗಿ ಚೀಲ ತುಂಬಿ ತರುತ್ತಿದ್ದ. ಕೆಲಸ ಬಿಟ್ಟ ಮೇಲೆ ನನ್ನ ಕಟ್ಟೆಯ ಮೇಲೇ ಕುಳಿತು ಜೋಡಿಸುತ್ತಿದ್ದೆವು. ಮೊದಲ ಸೆಟ್ಟು ಒಂದು ತಿಂಗಳು ಬರೀ ಒಗ್ಗರಣೆ ಸದ್ದು ಮಾಡಿತು. ಶಿವರಾಜಪ್ಪನವರು ಬಂದು, "ಏನ್ರಪಾ, ಇದರಾಗ ಮಂದಿ ಮಾತಾಡ್ತಾರೋ, ಇಲ್ಲಾ ಬರೇ ಮಿರ್ಚಿ ಕರೀತಾರೋ?" ಅಂತ ಕೇಳಿದ್ದರು. ನೆನಪಿದೆಯಲ್ಲ, ಯಜಮಾನರೇ?

ಬೆಸುಗೆಯ ವಿಷಯದಲ್ಲಿ ಮಾತ್ರ ನಿಜಾಮೋದ್ದೀನ ಬಹಳ ಕಟ್ಟುನಿಟ್ಟು. ತಂತಿಗೆ ಸೀಸ-ತವರ ಸುಮ್ಮನೆ ಹಿಡಿಯುವುದಿಲ್ಲ. ಮೇಲಿನ ಕಿಲುಬು ಬಿಡಿಸಲು ಏನಾದರೂ ಹಚ್ಚಬೇಕು. ಅವನು ಹಚ್ಚುತ್ತಿದ್ದುದು ರಾಳ — ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳ, ಅದೊಂದೇ. ಹಚ್ಚುವ ಮೊದಲು ಚಾಕುವಿನಿಂದ ಕೆರೆದು ಕೆರೆದು ಹೊಳಪು ತರುತ್ತಿದ್ದ. ಬೆಸೆದ ಮೇಲೆ ಮತ್ತೆ ಸ್ಪಿರಿಟ್ಟು, ಕುದುರೆ ಕೂದಲಿನ ಬ್ರಷ್ಷು — ಹೀಗೆ, ಹೀಗೆ — ಹಲ್ಲು ಉಜ್ಜಿದ ಹಾಗೆ ಉಜ್ಜುತ್ತಿದ್ದ. ಕೊನೆಗೆ ಬ್ಯಾಟರಿ ಬಿಚ್ಚಿಟ್ಟು, ಬೆಸುಗೆಗೆ ನಾಲಗೆಯ ತುದಿ ಮುಟ್ಟಿಸುತ್ತಿದ್ದ. ಉಪ್ಪು ಹತ್ತಿದರೆ ಮತ್ತೆ ಮೊದಲಿನಿಂದ.

ನಗಬೇಕಾದ ಮಾತೂ ಒಂದಿದೆ. ದಿನವೂ ಮೈಯೆಲ್ಲ ಸ್ಪಿರಿಟ್ಟಿನ ವಾಸನೆ ಹೊತ್ತು ಮನೆಗೆ ಹೋಗುತ್ತಿದ್ದನಲ್ಲ, ಓಣಿಯ ಹಿರಿಯರೊಬ್ಬರು ಅವನು ಕುಡಿಯಲು ಕಲಿತಿದ್ದಾನೆಂದು ಮುನವ್ವರ ಬೇಗಂ ಅವರಿಗೆ ದೂರು ಕೊಟ್ಟರು. ಇವರು ಏನಂದರು ಗೊತ್ತೇ? "ಕುಡದಿದ್ರ ಚಲೋ ಇತ್ತು. ಕುಡುಕರು ಒಂದೊಂದ್ ದಿನನಾದ್ರೂ ಲಗೂನ ಮನಿಗಿ ಬರ್ತಾರ." ನಗಿ, ನಗಿ, ಪರವಾಗಿಲ್ಲ. ಇನ್ನು ಮುಂದೆ ನಗುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಅವನ ಅಣ್ಣ ಹಬೀಬ ಸಂತಪುರದಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರಿಗಾಗಿ ನಾವು ಬ್ಯಾಟರಿಯ ಮೇಲೆ ನಡೆಯುವ ಒಂದು ಸೆಟ್ಟು ಕಟ್ಟಿಕೊಟ್ಟಿದ್ದೆವು. ನಲವತ್ತೆಂಟನೆಯ ಇಸವಿ, ಜುಲೈ ತಿಂಗಳ ಒಂದು ಶುಕ್ರವಾರ ಹಬೀಬ ಅದನ್ನು ಹೊತ್ತುಕೊಂಡು ಬಂದರು. ಬ್ಯಾಟರಿಯ ತಂತಿ ಕಿತ್ತುಬಂದಿತ್ತು, ಅಷ್ಟೇ. ನಿಜಾಮೋದ್ದೀನ ಜುಮ್ಮಾ ನಮಾಜಿಗೆ ಹೋಗಿದ್ದ. ಹಬೀಬರ ಬಸ್ಸಿಗೆ ಹೊತ್ತಾಗಿತ್ತು. ನಾನು ಬೆಸುಗೆ ಹಾಕುವ ಕಾವಿ ಕಾಯಿಸಿದೆ.

ತಂತಿ ಸೇರಬೇಕಾದ ಹಿತ್ತಾಳೆಯ ತಗಡು ಹಳೆಯ ಸೆಟ್ಟಿನದು, ಕಪ್ಪು ಹಿಡಿದಿತ್ತು. ರಾಳ ಹಚ್ಚಿದರೂ ಬೆಸುಗೆ ನಿಲ್ಲಲಿಲ್ಲ. ಕೆರೆದು ಹೊಳಪು ತರಲು ಅರ್ಧ ಗಂಟೆ ಬೇಕು. ಪಕ್ಕದಲ್ಲಿ ನನ್ನದೇ ಬಟ್ಟಲಿನಲ್ಲಿ ನವಸಾಗರದ ನೀರಿತ್ತು. ಕಲಾಯಿ ಹಾಕುವವರೂ ಅದನ್ನೇ ಹಚ್ಚುತ್ತಾರಲ್ಲ ಅಂದುಕೊಂಡೆ. ಬೆರಳು ಅದ್ದಿದೆ — ಹಚ್ಚಿದೆ. ಬೆಸುಗೆ ನೀರಿನ ಹಾಗೆ ಹರಿದು ಕೂತಿತು. ಎಷ್ಟು ಚೆಂದ ಕೂತಿತ್ತೆಂದರೆ, ನನಗೇ ಹೆಮ್ಮೆಯಾಯಿತು. ಧೋತರದ ತುದಿಯಿಂದ ಒರೆಸಿ ಮುಚ್ಚಳ ಹಾಕಿದೆ.

ಹೂಜಿಯಾಗಿದ್ದರೆ ತೊಳೆಯುತ್ತಿದ್ದೆ. ರೇಡಿಯೋಕ್ಕೆ ನೀರು ಹಾಕುವುದು ಹೇಗೆ? ಬಟ್ಟೆಯಿಂದ ಒರೆಸಿದರೆ ಸಾಕು ಅಂದುಕೊಂಡೆ. ಅಷ್ಟು ವರ್ಷ ನವಸಾಗರದಲ್ಲಿ ಕೈ ಆಡಿಸಿದ ನನಗೆ, ತೊಳೆಯದೆ ಬಿಟ್ಟರೆ ಅದು ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹಬೀಬ ಹೊರಡುವಾಗ ನಿಜಾಮೋದ್ದೀನ ಬಾಗಿಲಲ್ಲಿ ಎದುರಾದ. "ಹಾವಗ್ಯಾ, ನಾಲಿಗಿ ಹಚ್ಚಿ ನೋಡಿದಿ?" ಅಂತ ನನ್ನನ್ನು ಕೇಳಿದ.

"ಹೂಂ, ನೋಡೀನಿ," ಅಂದೆ.

ನೋಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಏನಾಯಿತೆಂದು ಇಲ್ಲಿರುವ ಯಾರಿಗೂ ನಾನು ಹೇಳಬೇಕಾಗಿಲ್ಲ. ರಜಾಕಾರರ ಕಾಲದಲ್ಲಿ ಕಳೆದುಕೊಂಡವರು ಈ ಸಭೆಯಲ್ಲಿದ್ದಾರೆ. ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಕಳೆದುಕೊಂಡವರೂ ಇದ್ದಾರೆ. ಯಾರ ಗಾಯವನ್ನೂ ಕೆದಕಲು ನಾನು ಎದ್ದು ನಿಂತಿಲ್ಲ. ನನ್ನ ಒಂದು ತಗಡಿನ ಮಾತು ಮಾತ್ರ ಹೇಳುತ್ತೇನೆ.

ಹಾಜಿರಾಬೀ ಅವರು ಆಗ ತುಂಬು ಗರ್ಭಿಣಿ, ಭಾಲ್ಕಿಯ ತವರಿನಲ್ಲಿದ್ದರು. ಹಬೀಬ ಒಬ್ಬರೇ ಸಂತಪುರದಲ್ಲಿ. ಸೈನ್ಯ ಬಂತು ಅಂತ ಸುದ್ದಿಯಾದಾಗ ಪಕ್ಕದ ಮನೆಯ ಮಡೆಪ್ಪ ಅವರನ್ನು ತನ್ನ ಮನೆಯೊಳಗೆ ಕರೆದುಕೊಂಡ. ಹಬೀಬ ರೇಡಿಯೋ ಹೊತ್ತುಕೊಂಡೇ ಹೋದರು. "ಲಡಾಯಿ ನಿಂತದ್ದು ಇದೇ ಹೇಳ್ತದ, ಅಲ್ಲೀತನಕ ನಾ ಎಲ್ಲೀ ಹೋಗಂಗಿಲ್ಲ" ಅಂತ ಮಡೆಪ್ಪನಿಗೆ ಮಾತು ಕೊಟ್ಟಿದ್ದರು. ಎರಡು ದಿನ ಸೆಟ್ಟು ಮಾತಾಡಿತು. ಮೂರನೆಯ ದಿನ ಸುಮ್ಮನಾಯಿತು.

ಮುಂದಿನದನ್ನು ಮಡೆಪ್ಪನ ಬಾಯಿಂದಲೇ ಕೇಳಿದ್ದೇನೆ. "ಪೆಟ್ಟಿಗಿ ಹಿಂಗ ಬಡದ್ರು, ಹಂಗ ಬಡದ್ರು, ಕಿವಿ ಹಚ್ಚಿ ಕೂತ್ರು. ಉಸುರಿಲ್ಲರಿ. ಅಷ್ಟೊತ್ತಿಗಿ ಯಾರೋ ಬಂದು, ಭಾಲ್ಕ್ಯಾಗ ಮನಿಗೋಳು ಸುಡಾಕತ್ಯಾವ ಅಂದ್ರು. ಇನ್ನೊಂದ್ ದಿನ ನಿಲ್ರಿ ಅಂದೆ. ಕೈ ಮುಗದೆ. ಹೆಣ್ತಿ ಬಸರಿ ಅದಾಳ ಮಡೆಪ್ಪಾ, ಹ್ಯಾಂಗ ನಿಲ್ಲಲಿ ಅಂದ್ರು."

ಅದು ಬರೀ ಗಾಳಿಮಾತು. ಹಾಜಿರಾಬೀ ಇದ್ದ ಓಣಿಯಲ್ಲಿ ಒಂದು ಒಲೆಯ ಹೊರತು ಏನೂ ಉರಿದಿರಲಿಲ್ಲ. ಹಬೀಬ ಹೊರಡುವ ಹಿಂದಿನ ಸಂಜೆಯೇ ಲಡಾಯಿ ನಿಂತಿತು ಅಂತ ರೇಡಿಯೋ ಹೇಳಿತ್ತು. ಚೌಬಾರಾ ಗೋಪುರದ ಹತ್ತಿರ ಜನರ ನಡುವೆ ನಿಂತು ನಾನೂ ನಿಜಾಮೋದ್ದೀನನೂ ಅದನ್ನು ಕೇಳಿದ್ದೆವು. ಅವನು ನನ್ನ ಭುಜ ಹಿಡಿದು, "ಭಾಯಿನೂ ಈಗ ಕೇಳಿರ್ತಾನ" ಅಂದಿದ್ದ.

ಹಬೀಬ ಬೆಳಗ್ಗೆ ಹೊರಟವರು ಭಾಲ್ಕಿ ಮುಟ್ಟಲಿಲ್ಲ. ಐದನೆಯ ದಿನ ಒಂದು ಜೋಳದ ಹೊಲದಲ್ಲಿ ಸಿಕ್ಕರು. ಕೊಂದವರು ಯಾರು, ಇವತ್ತಿಗೂ ಗೊತ್ತಿಲ್ಲ. ಮನೆಯೊಳಗೆ ಉಳಿದಿದ್ದರೆ — ಮಡೆಪ್ಪನ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಸುದ್ದಿ ಕೇಳಿದ್ದರೆ ಆ ಗಾಳಿಮಾತು ನಂಬದೆ, ದಾರಿ ತಣ್ಣಗಾಗುವ ತನಕ ನಿಲ್ಲುತ್ತಿದ್ದರು. ಕೇಳಿದ್ದರೂ ಅವರು ಹೊರಡುತ್ತಿದ್ದರೇನೋ ಅಂತ ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಮಾತಿನಿಂದ ಒಂದು ದಿನವೂ ನಿದ್ದೆ ಬಂದಿಲ್ಲ.

ತಿಂಗಳ ಮೇಲೆ ಮಡೆಪ್ಪ ಆ ಸೆಟ್ಟನ್ನು ಬಂಡಿಯಲ್ಲಿ ಕಾರ್ಖಾನೆಗೆ ತಂದ. ಹಾಜಿರಾಬೀ ಕೂಸನ್ನೆತ್ತಿಕೊಂಡು ಬಂದಿದ್ದರು. ನಿಜಾಮೋದ್ದೀನ ಮುಚ್ಚಳ ಬಿಚ್ಚಿದ. ಮಳೆಗಾಲದ ತೇವ ಕುಡಿದು ನವಸಾಗರ ತಂತಿಯನ್ನು ತಿಂದುಬಿಟ್ಟಿತ್ತು. ತಗಡಿನ ಮೇಲೆ ಹಸಿರು ಹುಡಿ — ಅಷ್ಟೇ ಉಳಿದದ್ದು. ಅವನು ಬಗ್ಗಿ ನಾಲಗೆ ಮುಟ್ಟಿಸಿದ. ಉಗುಳಿದ. ನನ್ನ ಮುಖ ನೋಡಲಿಲ್ಲ — ನನ್ನ ಬೆರಳು ನೋಡಿದ.

"ಯಾರ ಕೈ ಕೆಲ್ಸಾ ಇದು?" ಅಂತ ಹಾಜಿರಾಬೀ ಕೇಳಿದರು.

ಅವನು "ನಂದು" ಅಂದ.

ನಾನು ಅಲ್ಲೇ ಇದ್ದೆ, ಒಂದು ಮೊಳ ದೂರದಲ್ಲಿ. ಬಾಯಿ ತೆರೆಯಲಿಲ್ಲ.

ಆಮೇಲೆ ಹಿತ್ತಿಲಲ್ಲಿ ಅವನ ಕಾಲು ಹಿಡಿಯಲು ಹೋದೆ. ರಟ್ಟೆ ಹಿಡಿದು ಎಬ್ಬಿಸಿದ. "ಹಾವಗ್ಯಾ, ನಿನ್ನ ಹೆಸರ ಹೇಳಿದ್ರ ಈಗಿನ ಮಂದಿ ತಪ್ಪಾತು ಅನ್ನಂಗಿಲ್ಲ. ಹಿಂದೂ ಅದಾನ, ಬೇಕಂತ ಮಾಡ್ಯಾನ ಅಂತಾರ. ಒಂದ್ ಹೆಣಾ ಬಿದ್ದದ ನಮ್ಮ ಮನ್ಯಾಗ. ಇನ್ನೊಂದು ನನಗ ಬ್ಯಾಡ. ಸುಮ್ಕಿರು," ಅಂದ.

ಸುಮ್ಮನಿದ್ದೆ. ಇದನ್ನೂ ಹೇಳಿಬಿಡಬೇಕು — ಆ ಮಾತು ಕೇಳಿ ನನಗೆ ಹಗುರವೆನಿಸಿತು. ಎರಡು ವರ್ಷದ ಮೇಲೆ, ಊರು ತಣ್ಣಗಾದ ಮೇಲೆ, ಈಗಲಾದರೂ ಹೇಳಲೇ ಅಂತ ಒಮ್ಮೆ ಕೇಳಿದೆ. ಬೇಡ ಅಂದ. ಮತ್ತೊಮ್ಮೆ ನಾನು ಕೇಳಲಿಲ್ಲ.

'ಅಣ್ಣನನ್ನು ತಿಂದ ಕೈ' ಅಂತ ಈ ಊರು ಅವನನ್ನು ಕರೆಯಿತು. ನಿಮ್ಮಲ್ಲೇ ಕೆಲವರು ಕರೆದಿದ್ದೀರಿ, ನಾನು ಕೇಳಿದ್ದೇನೆ. ಅವನು ಮತ್ತೆ ರೇಡಿಯೋ ಮುಟ್ಟಲಿಲ್ಲ, ಕಾವಿಯನ್ನು ಗುಜರಿಗೆ ಹಾಕಿದ. ಹಾಜಿರಾಬೀ ಆರು ವರ್ಷ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ, ಒಂದು ಗುಟುಕು ನೀರು ಕುಡಿಯಲಿಲ್ಲ. ಪ್ರತಿ ಈದಿಗೆ ಅವನು ಅಣ್ಣನ ಮಗಳಿಗೆ ಹೊಸ ಬಟ್ಟೆ ಕಳಿಸುತ್ತಿದ್ದ, ಪ್ರತಿ ಸಲ ಗಂಟು ಬಿಚ್ಚದೆ ಹಾಗೇ ತಿರುಗಿ ಬರುತ್ತಿತ್ತು. ಬಂದ ಮರುದಿನ ನನ್ನ ಎದುರಿಗೇ ಕುಳಿತು ಬಳ್ಳಿ ಕೊರೆಯುತ್ತಿದ್ದ. ಒಂದು ದಿನ, ಒಂದೇ ಒಂದು ದಿನ ಕೂಡ ನನ್ನನ್ನು ಚುಚ್ಚಿ ಮಾತಾಡಲಿಲ್ಲ. ಕೊನೆಗೆ ಎದೆಯ ಕೆಮ್ಮಿನಿಂದ ಹೋದ. ಆಸ್ಪತ್ರೆಯಲ್ಲಿ ಅತ್ತಿಗೆ ಬಂದರಾ ಅಂತ ಎರಡು ಸಲ ಕೇಳಿದ. ಬಂದಿರಲಿಲ್ಲ.

ಮೊನ್ನೆ ಮುನವ್ವರ ಬೇಗಂ ನನ್ನನ್ನು ಕರೆಸಿ ಈ ಡಬ್ಬಿ ಕೊಟ್ಟರು. ಇದು ಅವನೇ ಕೊರೆದದ್ದು, ಕಪ್ಪು ನಾನೇ ಹಾಕಿದ್ದು. "ಇದರಾಗ ಒಂದ್ ತಗಡ ಅದರಿ, ಏನಂತ ಗೊತ್ತಾಗವಲ್ದು," ಅಂದರು. ಅವರಿಗೂ ನಾನು ಉತ್ತರ ಕೊಡದೆ ಬಂದೆ. ಅವನು ತನ್ನ ಹೆಂಡತಿಗೂ ಹೇಳಿರಲಿಲ್ಲ, ನೋಡಿ. ಇಗೋ — ಮೇಜಿನ ಮೇಲೆ ಇಡುತ್ತಿದ್ದೇನೆ. ಹಸಿರು ಹಾಗೇ ಇದೆ.

ಹಾಜಿರಾಬೀ ಅವರೇ, ಅದು ನನ್ನ ಕೈಯ ಕೆಲಸ. ಅವನದಲ್ಲ. ನೀವು ಆರು ವರ್ಷ ಸಿಟ್ಟು ಮಾಡಿದ್ದು ತಪ್ಪು ಮನೆಯ ಮೇಲೆ. ಆ ಸಿಟ್ಟು ನನಗೆ ಸೇರಬೇಕಾದದ್ದು, ನನಗೆ ಕೊಡಿ. ಮಾಫಿ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಒಂದೇ ಬೇಡಿಕೆ — ಈ ಸಭೆ ಮುಗಿದ ಮೇಲೆ ಮುನವ್ವರ ಬೇಗಂ ಅವರ ಮನೆಗೆ ಹೋಗಿ ನೀರು ಕುಡಿಯಿರಿ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಶಿವರಾಜಪ್ಪನವರೇ, ನಾಳೆಯಿಂದ ನನ್ನನ್ನು ಕೆಲಸಕ್ಕೆ ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಎರಡು ನಿಮಿಷ ಯಾರೂ ಮಾತಾಡಬೇಡಿ. ನನಗಾಗಿ ಅವನು ಆರು ವರ್ಷ ಮಾತಾಡಲಿಲ್ಲ.

ಮೌನಕ್ಕೆ ಮೊದಲು ಒಂದೇ ಮಾತು. ಇವತ್ತು ಬೆಳಗ್ಗೆ ಸ್ನಾನ ಮಾಡಿ, ಈ ತಗಡಿಗೆ ನಾಲಗೆ ಹಚ್ಚಿ ನೋಡಿದೆ, ನಿಜಾಮೋದ್ದೀನಾ. ಇನ್ನೂ ಉಪ್ಪು ಹತ್ತುತ್ತದೆ.

ಏಳಿ. ನಿಲ್ಲೋಣ.