ಎಡಕ್ಕೆ ಎರಡು ಹೆಜ್ಜೆ

ಮಾನ್ಯ ಅಧ್ಯಕ್ಷರೇ, ನನಗೇ ಗೊತ್ತಿಲ್ಲದ ನನ್ನ ಗುಣಗಳನ್ನೆಲ್ಲ ಹೇಳಿದ ಮುಖ್ಯ ಅತಿಥಿಗಳೇ, ಧ್ವನಿವರ್ಧಕ ಕೆಲಸಗಾರರ ಸಂಘದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಇಪ್ಪತ್ತಾರು ವರ್ಷದ ಹಿಂದೆ ಇದೇ ವೇದಿಕೆಯ ಮೇಲೆ ನಮ್ಮ ಮೇಯರ್ ಗುಂಡೇಟಿಗೆ ಬಲಿಯಾದರು. ಗುಂಡು ಹಾರಿಸಿದವನು ಅಲ್ಲೇ ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, ಜೈಲಿಗೂ ಹೋದ. ಆದರೆ ಒಬ್ಬನೇ ಮಾಡಿದ ಎಂದರೆ ಊರಿಗೆ ಸಮಾಧಾನವಾಗುತ್ತದೆಯೇ? ಪತ್ರಿಕೆಯ ಒಂದು ಫೋಟೋದಲ್ಲಿ ಮೈಕಿನವರು, ಅಂದರೆ ನನ್ನ ಅಪ್ಪ, ಮೈಕು ಸರಿಮಾಡಿ ಎಡಕ್ಕೆ ಎರಡು ಹೆಜ್ಜೆ ಸರಿದಿದ್ದರು. ಮರುಕ್ಷಣವೇ ಗುಂಡು. "ಮೊದಲೇ ಗೊತ್ತಿಲ್ದೆ ಪಕ್ಕಕ್ಕೆ ಸರೀತಾನಾ? ಅದೇ ಸನ್ನೆ!" ಎಂದರು ಜನ. ಆಮೇಲೆ ಅಪ್ಪನನ್ನು ಮೈಕು ಮುಟ್ಟಲು ಯಾರೂ ಕರೆಯಲಿಲ್ಲ.

ಆಗ ನನಗೆ ಹದಿನಾರು. ನಾನೂ ಕೇಳಿದೆ, "ಯಾಕಪ್ಪಾ ಸರಿದೆ?" "ನಾನು ಯಾವಾಗ್ಲೂ ಹಾಗೇ ಸರಿಯೋದಲ್ವಾ?" ಎಂದರು. ಹಾರಿಕೆಯ ಉತ್ತರ ಅಂದುಕೊಂಡೆ. ಕೆಲಸಕ್ಕೆ ಸೇರುವಾಗ "ತಂದೆ ಏನು ಮಾಡ್ತಾರೆ?" ಎಂದವರಿಗೆ "ತೀರಿಕೊಂಡಿದ್ದಾರೆ" ಎಂದುಬಿಟ್ಟೆ. ಈ ಮಾತನ್ನು ಭಾಷಣದಲ್ಲಿ ಬರೆದುಕೊಂಡು ಬಂದಿರಲಿಲ್ಲ, ಈಗ ಬಾಯಿಗೆ ಬಂತು.

ಇರಲಿ. ನಾನು ಪತ್ರಿಕೆಯ ಫೋಟೋ ಸಂಗ್ರಹದಲ್ಲಿ ಗುಮಾಸ್ತೆ. ಹೋದ ವರ್ಷ ಹಳೆಯ ನೆಗೆಟಿವ್‌ಗಳನ್ನು ಜೋಡಿಸುವಾಗ ಅಪ್ಪ ಸಿಕ್ಕರು. ಶಾಲೆಯ ವಾರ್ಷಿಕೋತ್ಸವ, ಸೇತುವೆಯ ಉದ್ಘಾಟನೆ, ದಂತವೈದ್ಯರ ಸಮ್ಮೇಳನ, ಹೀಗೆ ನಲವತ್ತಮೂರು ಫೋಟೋ. ನಲವತ್ತೊಂದರಲ್ಲಿ ಎಡಕ್ಕೆ ಎರಡು ಹೆಜ್ಜೆ! ಸರಿಯುವುದೇ ಸನ್ನೆಯಾಗಿದ್ದರೆ ನಲವತ್ತೊಂದು ಭಾಷಣಕಾರರು ಸಾಯಬೇಕಿತ್ತಲ್ಲ? ದಂತವೈದ್ಯರಂತೂ ಎರಡು ಗಂಟೆ ಮಾತಾಡಿದರಂತೆ. ಸತ್ತಿದ್ದರೆ ಕೇಳುಗರೇ ಸತ್ತಿರಬೇಕು.

ಉಳಿದ ಎರಡರಲ್ಲಿ ಬಲಕ್ಕೆ ಸರಿದಿದ್ದರು. ಮುಚ್ಚಿಡಬಹುದಿತ್ತು. ಆದರೆ ಬೇಕಾದ್ದನ್ನಷ್ಟೇ ಆರಿಸಿಕೊಂಡರೆ ಊರಿಗೂ ನನಗೂ ಏನು ವ್ಯತ್ಯಾಸ? ಭೂತಗನ್ನಡಿ ಹಿಡಿದೆ. ಆ ಎರಡರಲ್ಲಿ ಮೈಕಿನ ತಂತಿಯೇ ಬಲಗಡೆ ಇತ್ತು! ಮಾತಾಡುವವರು ಎಡವಿ ಬೀಳದಿರಲಿ ಎಂದು ಅಪ್ಪ ಪ್ರತಿಸಲವೂ ತಂತಿಯಿದ್ದ ಕಡೆಗೇ ಹೋಗಿ ಅದನ್ನು ಮೆಟ್ಟಿ ನಿಲ್ಲುತ್ತಿದ್ದರು. ಮೇಯರ್ ಸತ್ತ ದಿನದ ಫೋಟೋದಲ್ಲೂ ತಂತಿ ಅಪ್ಪನ ಪಾದದಡಿಯಲ್ಲೇ ಇದೆ. ಕೊಲ್ಲಿಸಲು ನಿಂತವನು, ಪಾಪ ಎಡವಿ ಬಿದ್ದಾರು ಎಂದು ತಂತಿ ಮೆಟ್ಟಿ ನಿಲ್ಲುತ್ತಾನೆಯೇ?

ಪತ್ರಿಕೆ ಎಲ್ಲ ಫೋಟೋಗಳನ್ನೂ ಅಚ್ಚು ಹಾಕಿತು, ಆ ಎರಡನ್ನೂ ಸೇರಿಸಿ. ಊರು ನೋಡಿತು, ಎಣಿಸಿತು, ಒಪ್ಪಿತು. ಗೆದ್ದೆವು, ಬಂಧುಗಳೇ, ಗೆದ್ದೆವು!

ಈಗ ಈ ಮೈಕನ್ನು ನನ್ನ ಎತ್ತರಕ್ಕೆ ಇಳಿಸಿದವರನ್ನು ಗಮನಿಸಿದಿರಾ? ಎಪ್ಪತ್ತೆಂಟು ವರ್ಷ. ಎಲ್ಲಿ ನಿಂತಿದ್ದಾರೆ ನೋಡಿ. ಎಡಕ್ಕೆ ಎರಡು ಹೆಜ್ಜೆ, ತಂತಿ ಮೆಟ್ಟಿಕೊಂಡು. ಅಂದು ಕೆಲಸಕ್ಕೆ ಸೇರುವಾಗ ತಂದೆ ಏನು ಮಾಡ್ತಾರೆ ಎಂದು ನನ್ನನ್ನು ಕೇಳಿದವರು ಈ ಸಭೆಯಲ್ಲಿದ್ದರೆ ಉತ್ತರ ತಿದ್ದಿಕೊಳ್ಳಿ: ಇವರು ನನ್ನ ತಂದೆ. ಮೈಕಿನ ಕೆಲಸ ಮಾಡುತ್ತಾರೆ.

ಬಾಗಿಲು ನೋಡುವುದನ್ನು ಬಿಟ್ಟು ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಮಸ್ಕಾರ.