ಬಟ್ಟೆಯ ಮೇಲಿನ ಬೆಟ್ಟ ಹುಡುಕಿ ಹೋದ ಅಕ್ಕ

ನಾನು, ಕೆಲಸದ ಜಾಗದಲ್ಲಿ ಎಲ್ಲರೂ ಪರದೆಯಣ್ಣ ಎಂದು ಕರೆಯುವವನು. ವಯಸ್ಸು ನಲವತ್ತಾರು. ಉದ್ಯೋಗ, ಶೂಟಿಂಗ್ ಸ್ಟುಡಿಯೋದಲ್ಲಿ ಹಿನ್ನೆಲೆ ಪರದೆ ಬರೆಯುವುದು ಮತ್ತು ಅದು ನಿಜವಾದ ಜಾಗವೆಂದು ಕಾಣುವಂತೆ ಚಿತ್ರೀಕರಿಸುವುದು. ವಾಸ, ಅದೇ ಸ್ಟುಡಿಯೋದ ಹಿಂದಿನ ಕೋಣೆ. ಕಾಣೆಯಾದ ನನ್ನ ಅಕ್ಕನ ವಿಷಯದಲ್ಲಿ ಈ ಮೂಲಕ ತಿಳಿಸುವುದೇನೆಂದರೆ,

ಅಕ್ಕನ ಗಂಡ, ಅಂದರೆ ನನ್ನ ಭಾವ, ಮುದ್ರಣಾಲಯದಲ್ಲಿ ಮೇಸ್ತ್ರಿಯಾಗಿದ್ದರು. ಎರಡು ತಿಂಗಳ ಹಿಂದೆ ಅದು ಬಾಗಿಲು ಹಾಕಿತು. ಅಕ್ಕನಿಗೆ ಮುಖ ತೋರಿಸಲಾರದೆ, ಬೆಟ್ಟದ ಮೇಲೆ ಕೆರೆ ಪಕ್ಕದ ಅತಿಥಿಗೃಹದಲ್ಲಿ ಉಗ್ರಾಣದ ಕೆಲಸ ಸಿಕ್ಕಿತೆಂದು ಹೇಳಿ ಹೊರಟವರು ನೆಟ್ಟಗೆ ನನ್ನ ಕೋಣೆಗೆ ಬಂದರು. ಬೇರೆ ಕೆಲಸ ಸಿಗುವ ತನಕ ಮಾನ ಉಳಿಸಪ್ಪಾ ಎಂದು ಕೈ ಹಿಡಿದುಕೊಂಡರು. ನಾನು ಬುದ್ಧಿ ಹೇಳಬೇಕಿತ್ತು. ಪರದೆ ಕಟ್ಟಿದೆ.

ಪರದೆಯಲ್ಲಿನ ಕೆರೆ ಮುದ್ರಿತ ಬಟ್ಟೆ. ಅದರ ಮೇಲಕ್ಕೆ ಹೊಲಿದ ಇನ್ನೊಂದು ಬಟ್ಟೆಯ ಬೆಟ್ಟ ಮತ್ತು ಎಡಕ್ಕೆ ತಿರುಗುವ ಕಾಲುದಾರಿ ನಾನೇ ಬರೆದದ್ದು. ನೋಡಿ ಬರೆದದ್ದಲ್ಲ, ಮನಸ್ಸಿಗೆ ಬಂದದ್ದು. ಭಾವನ ನೆರಳು ಬಟ್ಟೆಗೆ ಬೀಳದಂತೆ ಅವರನ್ನು ಹನ್ನೆರಡು ಅಡಿ ಮುಂದೆ ನಿಲ್ಲಿಸುತ್ತಿದ್ದೆ. ಬಟ್ಟೆಯಲ್ಲಿ ಬಿಸಿಲು ಯಾವ ಕಡೆಯದೋ ದೀಪವೂ ಅದೇ ಕಡೆ. ಹಿಂಬದಿ ಸ್ವಲ್ಪ ಮಸುಕು. ಮುಂದೆ ಒಂದು ಹಸಿರು ಕೊಂಬೆ, ಅದು ಅಲುಗಾಡಲು ಟೇಬಲ್ ಫ್ಯಾನು. ಎರಡು ಬಟ್ಟೆ ಸೇರುವಲ್ಲಿ ಹೊಲಿಗೆ ಕಾಣುತ್ತಿದ್ದರಿಂದ ಹೊಗೆಯಂತ್ರದಿಂದ ಮಂಜು ಬಿಟ್ಟೆ. ಪ್ರತಿ ಭಾನುವಾರ ಒಂದು ನಿಮಿಷದ ವಿಡಿಯೋ ಅಕ್ಕನಿಗೆ ಹೋಗುತ್ತಿತ್ತು. ಆಕೆ ಅದನ್ನು ಬೀದಿಯವರಿಗೆಲ್ಲ ತೋರಿಸುತ್ತಿದ್ದಾಳೆಂದು ತಿಳಿದಾಗ ನಾನು ಹಿರಿಹಿರಿ ಹಿಗ್ಗಿದೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಕಳೆದ ವಾರ ಅಕ್ಕ ಫೋನು ಮಾಡಿ, ಅಷ್ಟೊಂದು ಮಂಜಲ್ಲಿ ನಿಮ್ಮ ಭಾವ ತೆಳು ಅಂಗಿ ಹಾಕ್ಕೊಂಡು ನಿಂತಿದ್ದಾರಲ್ಲೋ, ಮೊದಲೇ ಎದೆ ಕಟ್ಟೋ ಮನುಷ್ಯ ಎಂದು ಬೇಸರಪಟ್ಟಳು. ಸ್ಟುಡಿಯೋ ಒಳಗಿನ ಸೆಕೆಗೆ ಭಾವನ ಬೆನ್ನು ತೊಯ್ದು ಹೋಗಿರುತ್ತಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಿನ್ನೆ ಬೆಳಗ್ಗೆ ಅಕ್ಕ ಭಾವನಿಗೆಂದು ಸ್ವೆಟರ್ ಹೆಣೆದು ಮುಗಿಸಿ, ಪಕ್ಕದ ಮನೆಗೆ ಬೀಗದ ಕೈ ಕೊಟ್ಟು, ಎಲ್ಲಿಗೆಂದು ಯಾರಿಗೂ ಹೇಳದೆ ಬಸ್ಸು ಹತ್ತಿದ್ದಾಳೆ. ವಿಡಿಯೋ ನೋಡಿದ ಒಬ್ಬ ಕಂಡಕ್ಟರು ಇಂಥ ಬೆಟ್ಟ ತನಗೆ ಗೊತ್ತೆಂದು ಹೇಳಿ ಇಳಿಸಿದನೆಂದು ಆಮೇಲೆ ಆಕೆಯೇ ಫೋನಿನಲ್ಲಿ ಹೇಳಿದಳು. ಯಾವ ಊರು, ಯಾವ ಬಸ್ಸು ಎಂಬುದು ನಮಗೆ ತಿಳಿಯದು.

ಮಧ್ಯಾಹ್ನ ನಾಲ್ಕಕ್ಕೆ ಭಾವನ ಫೋನಿಗೆ ಆಕೆಯ ಕರೆ ಬಂತು. ಭಾವ ಸ್ಪೀಕರ್ ಹಾಕಿದರು. ಏದುಸಿರು ಬಿಡುತ್ತ ಅಕ್ಕ, ರೀ, ನಿಮ್ಮ ಬೆಟ್ಟ ಕಾಣಿಸ್ತಾ ಇದೆ, ಮಂಜೂ ಹಂಗೇ ಇದೆ, ಇಲ್ಲಿ ದಾರಿ ಎರಡಾಗಿದೆ, ಯಾವ ಕಡೆ ಬರಲಿ ಎಂದು ಕೇಳಿದಳು. ಭಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. ಅಲ್ಲೇ ನಿಲ್ಲು, ಎಲ್ಲಾ ಸುಳ್ಳು ಎನ್ನಲು ಸಾಕಷ್ಟು ಸಮಯವಿತ್ತು.

ನಾನು ಪರದೆಯತ್ತ ತಿರುಗಿ ನೋಡಿ, ಎಡಕ್ಕೆ ಎಂದು ಪಿಸುಗುಟ್ಟಿದೆ. ಭಾವ ಅದನ್ನೇ ಹೇಳಿದರು. ಸರಿ, ಬಂದೆ ಎಂದಳು.

ಅಲ್ಲಿಂದಾಚೆಗೆ ಆಕೆಯ ಫೋನು ಹತ್ತಿಲ್ಲ. ನಾನು ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳು. ಭಾವ ಹೊರಗೆ ಬೆಂಚಿನ ಮೇಲಿದ್ದಾರೆ. ಕಂಡಕ್ಟರುಗಳಿಗೆ ತೋರಿಸಿ ವಿಚಾರಿಸಲು ಬೇಕಾಗಬಹುದೆಂದು ಪರದೆಯನ್ನು ಸುತ್ತಿ ತಂದಿದ್ದೇನೆ. ಹುಡುಕುವವರು ದಾರಿ ಎರಡಾಗುವ ಕಡೆ ದಯವಿಟ್ಟು ಎಡಕ್ಕೆ ಹೋಗಬೇಕು. ನಾನು ಹೇಳಿಕೊಟ್ಟ ದಾರಿಯಲ್ಲೇ ಅವಳು ಹೋಗಿರುತ್ತಾಳೆ.

ಇಷ್ಟನ್ನು ನಾನೇ ಹೇಳಿ ಬರೆಸಿದ್ದೇನೆ, ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಸೋಮವಾರ, ಬೆಳಗ್ಗೆ
(ಸಹಿ)